ಒಂದು ಮಿಣುಕು, ಆಮೇಲೆ ಮೂರು

ತುಳಸಿ ಖಾರ್ವಿಯ ಓಮ್ನಿ ಹುಲಿಕಲ್ ಘಾಟಿ ಹತ್ತಿ
ಹೊಸನಗರ ಮುಟ್ಟುವಾಗ ಬೆಳಗಿನ ಏಳೂವರೆ.
ಮೀನು ಖಾಲಿಯಾಗುವುದು ಹನ್ನೊಂದಕ್ಕೆ,
ಪೆಟ್ರೋಲು ಅದಕ್ಕೂ ಮೊದಲೇ.
'ಲೀಟರಿಗೆ ಒಂಬತ್ತೂ ಬತ್ತಿಲ್ಲೆ ಮಾರಾಯ್ರೆ,
ಬಂಗುಡಿ ಲಾಭ ಪೂರಾ ಇದೇ ಕುಡೂದ್.'

ಎರಡು ಸಲ ಪ್ಲಗ್ಗು ಬದಲಿಸಿ ದುಡ್ಡು ಎಣಿಸಿಕೊಂಡವನು ನಾನು.
ಈಗ ಹೇಳಿಬಿಡುತ್ತೇನೆ:
ಹಿಂದಿನ ವರ್ಷದ ಜ್ವರ ಬಿಟ್ಟು ಹೋಗುವಾಗ
ಮೂಗನ್ನೂ ಜೊತೆಗೆ ಒಯ್ದಿತು.
ಮೊದಲೆಲ್ಲ ಸೈಲೆನ್ಸರಿನ ಹಿಂದೆ ಒಮ್ಮೆ ಬಗ್ಗಿದರೆ ಸಾಕಿತ್ತು,
ಎಣ್ಣೆ ಸುಡುತ್ತಿದೆಯೋ, ಪೆಟ್ರೋಲು ಹಸಿಯಾಗಿ ಹೋಗುತ್ತಿದೆಯೋ,
ಅರ್ಧ ರೋಗ ಅಲ್ಲೇ ಗೊತ್ತು.
ಈಗಲೂ ಬಗ್ಗುತ್ತೇನೆ, ಗಿರಾಕಿ ನೋಡಲಿ ಅಂತ.
ಹುಬ್ಬು ಗಂಟಿಕ್ಕುತ್ತೇನೆ.

'ಅಣ್ಣಾ, ಹಸಿ ಪೆಟ್ರೋಲು, ಕಣ್ಣು ಉರೀತದೆ'
ಅಂದ ದಾವೂದ್, ನನಗೊಬ್ಬನಿಗೇ ಕೇಳುವ ಹಾಗೆ.
ಬೆರಳಾಡಿಸಿದೆ ಕೊಳವೆಯೊಳಗೆ:
ಕಾಡಿಗೆ.

ಸೀಟು ಎತ್ತಿದೆವು. ಎರಡು ಪಿನ್ನಿನ ನಡುವೆ
ತುಂಡು ವೈರು ಸಿಕ್ಕಿಸಿ ಕೀಲಿ ತಿರುಗಿಸಿದರೆ
ಹಳದಿ ದೀಪ ಬಾಯಿಬಿಟ್ಟಿತು,
ಒಂದು ಮಿಣುಕು. ಬಿಡುವು. ಮೂರು ಮಿಣುಕು.
ಹದಿಮೂರು. ಆಕ್ಸಿಜನ್ ಸೆನ್ಸರಿನ ಮೇಲೆ ದೂರು.

ದೂರು ಬಂದ ಮಾತ್ರಕ್ಕೆ ಕಳ್ಳನೇನಲ್ಲವಲ್ಲ.
ವೈರಿನ ಉದ್ದಕ್ಕೂ ಬೆರಳು ಎಳೆದೆ, ಇಲಿ ಕಚ್ಚಿಲ್ಲ.
ಕ್ಲಿಪ್ಪಿನೊಳಗೆ ಹಸಿರು ಕಿಲುಬು,
ಐಸು ಕರಗಿ ಇಳಿದ ಉಪ್ಪುನೀರಿನದು. ಉಜ್ಜಿದೆ.
ದೀಪ ಮತ್ತೆ ಹದಿಮೂರೇ ಅಂದಿತು.
ಗ್ಯಾಸ್ಕೆಟ್ಟಿನ ಅಂಚಿಗೆ ಅಂಗೈ ಹಿಡಿದೆ,
ಕದ್ದು ಹೊರಬರುವ ಹೊಗೆ ಎಲ್ಲೂ ಇಲ್ಲ.

ಹೆಬ್ಬೆರಳಿನಷ್ಟು ಸಾಮಾನು ಅದು.
ಒಂದು ಮೈ ಹೊಗೆಗೆ, ಇನ್ನೊಂದು ಊರಿನ ಗಾಳಿಗೆ.
ಎರಡರ ವ್ಯತ್ಯಾಸವೇ ಅದರ ಮಾತು,
ಒಂದು ವೋಲ್ಟೂ ತುಂಬದ ಪಿಸುಮಾತು:
ಹೆಚ್ಚಾಯಿತು, ಕಡಿಮೆಯಾಯಿತು, ಹೆಚ್ಚಾಯಿತು...
ಹೀಗೆ ಗೊಣಗುತ್ತಿದ್ದರೆ ಗಾಡಿ ಸುಖ.

ಇದೋ, ಮೀಟರು ಹಚ್ಚಿದರೆ, ಪಾಯಿಂಟ್ ಒಂದು.
ಕಾಯ್ದೆ. ಪಾಯಿಂಟ್ ಒಂದು.
ಸಾಲದು, ಸಾಲದು, ಸಾಲದು ಅನ್ನುತ್ತದೆ ಇದು,
ನಂಬಿದ ಡಬ್ಬಿ ಸುರಿಯುತ್ತದೆ, ಸುರಿಯುತ್ತದೆ.
ಗಾಳಿ ಹೋಗುವ ಬಾಯಿಗೆ ಬಟ್ಟೆ ಒತ್ತಿದೆ.
ಎಂಜಿನ್ನಿಗೆ ಉಸಿರು ಸಿಕ್ಕಿಕೊಂಡು, ಕೆಮ್ಮಿ, ಇನ್ನೇನು ಸತ್ತಿತು
ಎನ್ನುವಾಗಲೂ ಇದು ಮಾತ್ರ,
ಸಾಲದು.

ತುಳಸಿ ಭುಜದ ಮೇಲಿಂದ ಇಣುಕಿದರು.
'ಮುಳ್ಳ್ ಆಡುದಿಲ್ಲೆ ಅಲ್ದಾ?
ಮುಳ್ಳ್ ಆಡದ್ದ್ ತಕ್ಕಡಿ ಅಲ್ಲ ಕಾಣಿ, ಮೋಸ.'
ನಾನು ತಲೆ ಎತ್ತಲಿಲ್ಲ.

ಹೊಸದು ಶಿವಮೊಗ್ಗದಿಂದ ಬಂತು, ಮಧ್ಯಾಹ್ನದ ಬಸ್ಸಿನಲ್ಲಿ,
ಕಂಡಕ್ಟರಿಗೆ ಇಪ್ಪತ್ತು ರೂಪಾಯಿ.
ಹಳೆಯದು ಬಿಡಲೊಲ್ಲದು.
ಎಣ್ಣೆ ಬಿಟ್ಟೆವು, ಎಂಜಿನ್ ಓಡಿಸಿ ಬಿಸಿ ಮಾಡಿದೆವು,
ಇಪ್ಪತ್ತೆರಡರ ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು.
ಕಿರ್ರೆಂದು ಬಿಟ್ಟುಕೊಟ್ಟಿತು. ದಾವೂದನ ಮೊಣಕೈಯಲ್ಲಿ ಒಂದು ಬೊಬ್ಬೆ.
ತುದಿ ನೋಡಿದರೆ, ಮಸಿ ಮೆತ್ತಿ ಮುಚ್ಚಿಹೋದ ಮೂಗು.

ಹೊಸದರ ಮರೆಗೆ ತಾಮ್ರದ ಪೇಸ್ಟು, ತುದಿಗೆ ತಾಗದ ಹಾಗೆ.
ಕೈಯಲ್ಲೇ ತಿರುಗಿಸಿ, ಆಮೇಲೆ ಪಾನಾ.
ಬಿಸಿಯಾಗಲು ಎರಡು ನಿಮಿಷ ಹಿಡಿಯಿತು.
ಆಮೇಲೆ ಪಾಯಿಂಟ್ ಎಂಟು. ಎರಡು. ಏಳು. ಒಂದು. ಎಂಟು.
'ಈಗ ಆಡ್ತ್' ಅಂದರು ತುಳಸಿ, ಮಗು ನೋಡುವ ಹಾಗೆ ನೋಡುತ್ತ.

ಹಿಂದಿನ ಪ್ಲಗ್ಗಿನ ದುಡ್ಡು ಕಳೆದು ಲೆಕ್ಕ ಹೇಳಿದೆ.
ಯಾಕೆ ಅಂತ ಅವರು ಕೇಳಲಿಲ್ಲ.
ಐಸಿನ ತಳದಿಂದ ನಾಲ್ಕು ಬಂಗುಡಿ ತೆಗೆದು ಕಾಗದದಲ್ಲಿಟ್ಟರು.
ಅಭ್ಯಾಸಬಲ, ಮೂಗಿನ ಹತ್ತಿರ ಹಿಡಿದೆ.

'ಮೂಗ್ ಎಂತಕೆ?
ಕಿವಿರು ಎತ್ತಿ ಕಾಣಿ, ಕೆಂಪು ಇತ್ತಾ ಇಲ್ಯಾ.'

ಎತ್ತಿದೆ.
ಕೆಂಪು ಇತ್ತು.