ಶೋಧಕ

ಹಗಲೆಲ್ಲ ಬಂದರಿನ ಗೋದಾಮಿನಲ್ಲಿ ಮೂಟೆ ಎಣಿಸಿ
ಏಳೂವರೆಗೆ ಫೋರ್ಟಿನ ಆ ಮೂರನೇ ಮಾಳಿಗೆ ಹತ್ತಿ
ಹಲಗೆ ಒರೆಸುವ ಮುಂಚೆ ಒಂದು ನಿಮಿಷ
ಏದುಸಿರು ಬಿಡುತ್ತಿದ್ದರು
ನಮ್ಮ ರಾತ್ರಿಶಾಲೆಯ ಜಾರಪ್ಪ ಮಾಸ್ತರು.

"ವರ್ಗ ಸಮೀಕರಣ ಕಂಡ ಕೂಡಲೇ ಬಿಡಿಸಲು ಹಾರಬೇಡಿ.
ಮೊದಲು ಶೋಧಕ. ಬಿ ವರ್ಗದಲ್ಲಿ ನಾಲ್ಕು ಎಸಿ ಕಳೆಯಿರಿ.
ಮೂಲ ಉಂಟೋ ಇಲ್ಲವೋ, ಅದು ಹೇಳುತ್ತದೆ."

ಮೂಲ ಎಂದದ್ದೇ ಹಿಂದಿನ ಬೆಂಚು ಕಿಸಕ್ಕೆಂದಿತು;
ನಮ್ಮ ದೋಸೆಭಟ್ಟರಿಗೆ ಆ ಕಾಯಿಲೆ ಇತ್ತು.
ಶೋಧಕ ಎಂದರೆ ನನಗೆ ಚಾ ಶೋಧಿಸುವ ಬಟ್ಟೆ,
ಬೆಳಗಿನ ನಾಲ್ಕಕ್ಕೆ ಹಿಂಡಿ ಹಿಂಡಿ
ಬೆರಳ ಸಂದಿ ಕಂದಾದದ್ದು.
ಹೇಳಿಯೇಬಿಟ್ಟೆ. ಮಾಸ್ತರು ನಗಲಿಲ್ಲ.
"ಸಮ. ಲೋಟಕ್ಕೆ ಏನಾದರೂ ಬಿದ್ದೀತೇ ಅಂತ
ಸುರಿಯುವ ಮೊದಲೇ ತಿಳಿದ ಬಟ್ಟೆ."

ಧಣಿ ಶಾಲೆಗೆ ಬಿಡುತ್ತಿದ್ದದ್ದು ಒಬ್ಬನನ್ನೇ:
ಒಂದು ರಾತ್ರಿ ನಾನು, ಒಂದು ರಾತ್ರಿ ಐತಪ್ಪ.
ಹೋದವನು ಬಂದು, ಮೇಜಿನ ಕಲ್ಲಿನ ಮೇಲೆ
ಒದ್ದೆ ಬೆರಳಲ್ಲಿ ಬರೆದು ತೋರಿಸಬೇಕು,
ಆರುವುದರೊಳಗೆ ಉಳಿದವನು ಕಲಿಯಬೇಕು.
ಶೋಧಕ ಸೊನ್ನೆಯಾದರೆ ಮೂಲ ಎರಡೂ ಒಂದೇ ಜಾಗ ಎಂದೆ.
"ನಮ್ಮ ಚಾಪೆ" ಎಂದ ಐತಪ್ಪ.
ಅದರಲ್ಲಿ ಅವನು ಎದ್ದರೆ ನಾನು ಮಲಗುವುದು.

ಪೂರ್ವಪರೀಕ್ಷೆಯಲ್ಲಿ ಅದೇ ಬಂತು.
ಎಕ್ಸ್ ವರ್ಗ, ಕೂಡು ಕೆ ಎಕ್ಸ್, ಕೂಡು ಒಂಬತ್ತು;
ಮೂಲಗಳು ಸಮವಾದರೆ ಕೆ ಎಷ್ಟು?
ಕೆ ವರ್ಗ ಮೂವತ್ತಾರು. ಕೆ ಆರು.
ಅಡಿಗೆರೆ ಎಳೆದು, ಎರಡೆರಡು ಮೆಟ್ಟಿಲು ಹಾರಿ ಇಳಿದೆ.

ಕಾಗದ ಮರಳಿದಾಗ ಕೆಂಪು ಶಾಯಿ:
ಋಣ ಆರು ಎಲ್ಲಿ?

ವಾದಿಸಿದೆ. ಆರು ತಪ್ಪೇ ಸರ್?
"ತಪ್ಪಲ್ಲ, ಅರ್ಧ.
ವರ್ಗ ಮಾಡಿದ ಮೇಲೆ ಋಣ ಕಾಣುವುದಿಲ್ಲ ಮಾರಾಯ,
ಹಾಗಂತ ಇಲ್ಲ ಅಂತಲ್ಲ."

ಆ ಫೆಬ್ರವರಿ ತನ್ನ ರಾತ್ರಿಗಳನ್ನೆಲ್ಲ
ಐತಪ್ಪ ನನಗೇ ಬಿಟ್ಟ. ಕೇಳಿದ್ದಕ್ಕೆ,
"ಇಬ್ಬರೂ ಅರ್ಧರ್ಧ ಫೇಲಾಗುವುದು ಬೇಡ" ಎಂದು
ಲೋಟಗಳ ಮೇಲೆ ನೀರು ಬಿಟ್ಟ.

ಈಗ ಮುಲುಂಡಿನಲ್ಲಿ ನನ್ನದೇ ಗಲ್ಲಾಪೆಟ್ಟಿಗೆ.
ಅವನು ವಾಪಿಯ ಯಾವುದೋ ಕ್ಯಾಂಟೀನಿನಲ್ಲಿದ್ದನಂತೆ,
ಆಮೇಲೆ ಅಲ್ಲಿಯೂ ಇಲ್ಲವಂತೆ.
ಹುಡುಕಲು ಹೋಗಿದ್ದೆ, ಒಮ್ಮೆ. ಒಮ್ಮೆಯೇ.

ಅಂಕಪಟ್ಟಿ ಗಲ್ಲಾದ ಅಡಿಯಲ್ಲಿದೆ, ಮಡಿಕೆ ಹರಿದಿದೆ.
ಗಣಿತ: ಮೂವತ್ತಾರು.
ಯಾವುದರ ವರ್ಗ ಎಂದು
ಬೋರ್ಡಿನವರು ಬರೆದಿಲ್ಲ.