ಸಾವಿರದ ನೂರು ತಾಸು

ಭೋಸರಿಯ ಶೆಡ್ಡಿನಲ್ಲಿ ಮೂರನೇ ಕುಲುಮೆ.
ಒಂಬೈನೂರ ಎಂಬತ್ತು ಡಿಗ್ರಿ. ಕೆಳಗೆ ತೂಗುವ ಭಾರ.
ನಡುವೆ ಕಿರುಬೆರಳಿಗಿಂತ ಸಣ್ಣ ನಿಕ್ಕಲ್ ಸರಳು.
ಗಣಪತಿ ಕೂತದ್ದು, ಡೋಲು ಬಡಿಸಿಕೊಂಡು ಎದ್ದು ಹೋದದ್ದು
ಯಾವುದೂ ಅದಕ್ಕೆ ಗೊತ್ತಿಲ್ಲ.

ತುಪೆ ಮಾಮಾ ತಾಸಿಗೊಮ್ಮೆ ಬಂದು, ಕನ್ನಡಕ ಏರಿಸಿ,
ಡಯಲು ನೋಡಿ ವಹಿಯಲ್ಲಿ ಬರೆಯುತ್ತಾರೆ:
ಬದಲಿಲ್ಲ. ಬದಲಿಲ್ಲ.
ಒಂದು ಕೂದಲಿನಷ್ಟು.
ಚಹಾ.
ಬದಲಿಲ್ಲ.

ಹೊಸದರಲ್ಲಿ ಇದರ ಒಳಗನ್ನು ನಾನು ಕಂಡಿದ್ದೆ:
ಚೌಕ, ಚೌಕ, ಚೌಕ, ದಾರ ಹಿಡಿದು ಇಟ್ಟ ಇಟ್ಟಿಗೆ,
ನಡುವೆ ಒಂದೇ ಅಗಲದ ಓಣಿಗಳು.
ನಮ್ಮ ಅಥಣಿಯಲ್ಲಿ ಅಂಥ ಓಣಿಯಿಲ್ಲ,
ಪುಣೆಯ ಯಾವ ಪೇಠೆಯಲ್ಲೂ ಇಲ್ಲ.

ಇವತ್ತು ಕೊಯ್ದು, ಕನ್ನಡಿಯಾಗುವ ತನಕ ಉಜ್ಜಿ,
ಆಮ್ಲದಲ್ಲಿ ನಾಲ್ಕೇ ಎಣಿಕೆ ಅದ್ದಿ ತೆಗೆದೆ.
ಪರದೆಯ ಮೇಲೆ ಬೇರೆಯೇ ಊರು.
ಭಾರದ ಗುಂಟ ಇದ್ದ ಓಣಿಗಳು ಮುಚ್ಚಿವೆ.
ಇಟ್ಟಿಗೆ ಪಕ್ಕದ ಇಟ್ಟಿಗೆಗೆ ಕೂಡಿಕೊಂಡು, ಮೂಲೆ ಕಳೆದುಕೊಂಡು,
ಎಳೆತಕ್ಕೆ ಅಡ್ಡಡ್ಡ ಮಲಗಿದ ತೆಪ್ಪಗಳು.
ಕರಗಿಲ್ಲ ಏನೂ. ಕರಗಲು ಇನ್ನೂ ಮುನ್ನೂರು ಡಿಗ್ರಿ ಬೇಕಿತ್ತು.
ಗಟ್ಟಿಯಾಗಿದ್ದುಕೊಂಡೇ, ಪರಮಾಣು ಪರಮಾಣುವಾಗಿ,
ಗಂಟುಮೂಟೆ ಸಾಗಿಸಿದೆ.
ತೆಪ್ಪದ ಅಂಚಿನಲ್ಲಿ ಸಾಲು ತಪ್ಪಿದವುಗಳ ಬಲೆ ಇರಬೇಕು,
ಅದನ್ನು ನೋಡಲು ನಮ್ಮ ಯಂತ್ರಕ್ಕೆ ಕಣ್ಣು ಸಾಲದು.
ಎಳ್ಳಿನಂಥ ಕಪ್ಪು ತೂತು ಮಾತ್ರ ಕಂಡವು,
ಎರಡು. ಅಲ್ಲ, ಮೂರು.

ವರದಿಯಲ್ಲಿ 'ದಣಿವು' ಎಂದು ಬರೆದೆ, ಹೊಡೆದು ಹಾಕಿದೆ.
ದಣಿವು ಬೇರೆ, ಅದಕ್ಕೆ ಎಳೆದು ಬಿಟ್ಟು ಎಳೆದು ಬಿಡಬೇಕು.
ಇದನ್ನು ಯಾರೂ ಒಮ್ಮೆಯೂ ಬಿಡಲಿಲ್ಲ.
'ತೆವಳು' ಎಂದು ಬರೆದೆ.
ತೆವಳುವುದಕ್ಕೆ ಹೋಗುವ ಜಾಗ ಬೇಕಲ್ಲ?

ಹತ್ತೊಂಬತ್ತು ವರ್ಷದಿಂದ ಭಾರ ತೂಗಿಸುವ ತುಪೆ ಮಾಮಾ
ಒಳಗನ್ನು ನೋಡಿದವರೇ ಅಲ್ಲ. ಯಾರೂ ಕರೆದಿರಲಿಲ್ಲ.
ನಾನೂ ಇವತ್ತು ಕರೆದದ್ದು ಲಿಫ್ಟು ಕೆಟ್ಟು
ಅವರು ಇಲ್ಲೇ ಕೂತಿದ್ದರಿಂದ.

ಎರಡೂ ಚಿತ್ರ ಅಕ್ಕಪಕ್ಕ ಇಟ್ಟೆ.
ಬಹಳ ಹೊತ್ತು ನೋಡಿದರು.
"ಇದೆಲ್ಲ ಯಾವಾಗ ಆಯ್ತು, ತಾಯಿ?
ನಾನು ಬದಲಿಲ್ಲ ಅಂತ ಬರೆದ ರಾತ್ರಿಗಳಲ್ಲೇ?"

ಹೌದೆನ್ನಲು ಬಾಯಿ ಬರಲಿಲ್ಲ.
ಡಯಲು ಸುಳ್ಳು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನಾಲ್ಕನೇ ಕುಲುಮೆಯ ಹೊತ್ತಾಯಿತೆಂದು ಎದ್ದರು,
ಬಲಗೈಯಿಂದ ಬಲಮೊಣಕಾಲನ್ನು ಎತ್ತಿ ನಿಲ್ಲಿಸಿಕೊಂಡು.
ಮರುದಿನ ವಹಿ ತೆರೆದರೆ
ರಾತ್ರಿ ಹನ್ನೊಂದರ ಸಾಲಿನಲ್ಲಿ
ಅಂಕಿ ಇತ್ತು, ಸಹಿ ಇತ್ತು.
ಆ ಒಂದು ಮಾತು ಇರಲಿಲ್ಲ.