ಹದಿನಾಲ್ಕು ಡಾಲರಿನ ಮೌನ

ಸೋಮವಾರ ಬೆಳಿಗ್ಗೆ ತಗಡಿನ ಶೆಡ್ಡಿನ ಬೀಗ ತೆಗೆದು
ವಾರದ ಆಕಾಶವನ್ನು ಕೈಗೆ ತೆಗೆದುಕೊಳ್ಳುತ್ತೇನೆ.
ಉಗುರಿನಷ್ಟು ಕಾರ್ಡು. ಏಳು ಹಗಲು ಏಳು ರಾತ್ರಿ
ಅದರೊಳಗೆ ನಲವತ್ತೊಂದೇ ನಿಮಿಷ.
ಯಾರೂ ಗುಂಡಿ ಒತ್ತದ ಹೊತ್ತನ್ನು
ಯಂತ್ರ ಬರೆದುಕೊಳ್ಳುವುದಿಲ್ಲ.
ಗಾಳಿ, ನೊಣ, ಬೇಲಿಯ ಮೇಲೆ ಜಗಳವಾಡುವ ಗಲಾ ಹಕ್ಕಿ
ಯಾವುದೂ ಲೆಕ್ಕಕ್ಕಿಲ್ಲ.

ನಮ್ಮ ಯಾರಂಗುಡ್‌ಗೆ ಟವರ್ ಇಲ್ಲ.
ಒಂದು ಗಾಳಿಚೀಲ, ಕಾಂಗರೂ ನುಗ್ಗದಂತೆ ತಂತಿ,
ಎಲ್ಲರಿಗೂ ಸೇರಿ ಒಂದೇ ತರಂಗ.
ಇಳಿ ಎನ್ನುವವರಿಲ್ಲ, ತಾಳು ಎನ್ನುವವರಿಲ್ಲ.
ಮೊದಲು ಕಿವಿಗೊಡು, ಆಮೇಲೆ ಗುಂಡಿ ಒತ್ತು:
ಯಾವ ಊರು, ಯಾವ ವಿಮಾನ, ಎಲ್ಲಿದ್ದೀ, ಏನು ಮಾಡುತ್ತೀ,
ಕೊನೆಗೆ ಮತ್ತೊಮ್ಮೆ ಊರಿನ ಹೆಸರು.
ಇದೇ ತರಂಗದಲ್ಲಿ ಇನ್ನೂ ನಾಲ್ಕು ಊರುಗಳಿವೆ;
ಮೊದಲ ಸಲ ತಪ್ಪಿಸಿಕೊಂಡ ಕಿವಿಗೆ
ಎರಡನೆಯ ಸಲ.

ನಾನು ಕೇಳಿ, ಹೆಸರು ಬರೆದು, ಬಿಲ್ಲು ಕಳಿಸುತ್ತೇನೆ.
ಒಂದು ಇಳಿತಕ್ಕೆ ಹದಿನಾಲ್ಕು ಡಾಲರು.

ರಾಯ್ಸ್ಟನ್ ಡಫೀಲ್ಡ್ ಗುಂಡಿ ಒತ್ತಿ ಆಮೇಲೆ ಯೋಚಿಸುತ್ತಾನೆ.
ಅವನ ಒಂದು "ಆಂ..." ಮುಗಿಯುವುದರೊಳಗೆ
ವಿಮಾನ ಅರ್ಧ ಮೈಲಿ ಮುಂದಿರುತ್ತದೆ,
ಉಣ್ಣೆಯ ದರವೂ ಬರುತ್ತದೆ, ಹೆಂಡತಿಯ ಮೊಣಕಾಲೂ.
ವೈದ್ಯರ ವಿಮಾನದ್ದು ನಾಲ್ಕೇ ಮಾತು, ಅದಕ್ಕೆ ಬಿಲ್ಲಿಲ್ಲ.
ಅಡಿಲೇಡಿನಿಂದ ಕಲಿಯಲು ಬರುವ ಹುಡುಗಿ, ಥುಯ್,
ಉಸಿರು ಹಿಡಿದು ಬಾಯಿಪಾಠ ಒಪ್ಪಿಸುತ್ತಾಳೆ.
"ಎಡಕ್ಕೆ... ತಪ್ಪಾಯಿತು, ಬಲಕ್ಕೆ" ಅನ್ನುತ್ತಾಳೆ.
ತಪ್ಪನ್ನು ಅಷ್ಟು ಬೇಗ ಒಪ್ಪುವ ದನಿ
ಈ ಪಟ್ಟಣದಲ್ಲಿ ನಾನು ಬೇರೆ ಕೇಳಿಲ್ಲ.

ಇನ್ನೊಬ್ಬನಿದ್ದ.
ಹೆಸರಿಲ್ಲ, ದಿಕ್ಕಿಲ್ಲ, ಬರೀ ಟಕ್, ಟಕ್, ಟಕ್.
ಕತ್ತಲಲ್ಲಿ ಮೂರು ಸಲ ಗುಂಡಿ ಒತ್ತಿದರೆ
ರನ್‌ವೇಯ ದೀಪ ತಾನಾಗಿ ಹತ್ತಿಕೊಳ್ಳುತ್ತದೆ.
ಬಾಯಿ ಬಿಟ್ಟರೆ ಬಿಲ್ಲು, ಬಿಡದಿದ್ದರೆ ಉಳಿತಾಯ.
ಮೌನ ಬಂಗಾರ ಅಂದವರು
ಇವನನ್ನು ನೋಡಿಯೇ ಅಂದಿರಬೇಕು.
ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ,
ಹಗಲಿನವು ದೇವರಿಗೇ ಗೊತ್ತು.

ಮೇ ತಿಂಗಳ ಒಂದು ಗುರುವಾರ, ರಾತ್ರಿ ಏಳು ಇಪ್ಪತ್ತು.
ಥುಯ್ ಪಡುವಣದಿಂದ ಬರುತ್ತಿದ್ದಳು.
ಮೂರು ಸಲ ಒತ್ತಿದಳು, ದೀಪ ಹತ್ತಿತು.
ಆಮೇಲೆ ಮತ್ತೆ ಮೂರು ಸಲ. ಅವಳದ್ದಲ್ಲ.

"ಯಾರಂಗುಡ್‌ನಲ್ಲಿ ಯಾರಿದ್ದೀರಿ? ಯಾರಂಗುಡ್."
ದನಿ ನಡುಗಲಿಲ್ಲ.
"ಯಾರೋ ಇದ್ದೀರಿ. ನನಗೆ ಕೇಳಿಸಿತು. ಯಾರಂಗುಡ್."
ಮರುಕ್ಷಣವೇ ಗಂಡಸಿನ ದನಿ:
"ಇದ್ದೇನೆ. ಮೂಡಣದಲ್ಲಿ. ಎದುರಿಗೇ. ಬಲಕ್ಕೆ ತಿರುಗುತ್ತೇನಮ್ಮಾ."
ಮರುಕ್ಷಣ ಅಂದಿದ್ದು ಕಾರ್ಡಿನ ಮಾತು.
ಪಕ್ಕದಲ್ಲಿ ಬರೆದಿದ್ದ ಗಂಟೆ ನೋಡಿದೆ: ಹನ್ನೊಂದು ಸೆಕೆಂಡು.
ಅಷ್ಟರಲ್ಲಿ ಎರಡು ವಿಮಾನಗಳ ನಡುವಿನ ಕತ್ತಲು
ಒಂದು ಕಿಲೋಮೀಟರು ಸವೆಯುತ್ತದೆ.
ಅದನ್ನೂ ಯಂತ್ರ ಕತ್ತರಿಸಿ ಎಸೆದಿತ್ತು,
ನೊಣದ ಜೊತೆ, ಗಲಾ ಹಕ್ಕಿಯ ಜೊತೆ.

ಆ ದನಿ ನನಗೆ ಗೊತ್ತು.
ಮರ್ವಿನ್ ಝಾಡೋ, ಕೌನ್ಸಿಲ್ಲಿನ ಹಳೆಯ ಖಜಾಂಚಿ.
ಹದಿನಾಲ್ಕು ಎಂದು ಗೊತ್ತುಮಾಡಿದವನೇ ಅವನು;
ಹನ್ನೆರಡು ಸಾಕು ಅಂದಿದ್ದೆ ನಾನು.

ಮತ್ತೊಮ್ಮೆ ಹಾಕಿ ಕೇಳಿದೆ. ಯಾರಿಗೂ ಕೇಳಿಸಲಿಲ್ಲ.
ಬಿಲ್ಲು ಕಳಿಸಿದೆ. ಒಂದೇ ಇಳಿತ. ಷರಾ ಖಾಲಿ ಬಿಟ್ಟೆ.

ಚೆಕ್ಕು ಬಂತು, ಐನೂರ ನಲವತ್ತಾರು ಡಾಲರು.
"ನೋಯೆಲೀನ್, ಹಿಂದಿನವೂ ಸೇರಿವೆ.
ಮೂವತ್ತೊಂಬತ್ತು ಅಂತ ನನ್ನ ಲೆಕ್ಕ."
ನನ್ನ ಗೀಟುಗಳು ನಲವತ್ತಮೂರು.
ರಬ್ಬರು ತೆಗೆದುಕೊಂಡು ನಾಲ್ಕನ್ನು ಉಜ್ಜಿದೆ.
ಗುರುತು ಪೂರ್ತಿ ಹೋಗಲಿಲ್ಲ.

ಈಗ ಅವನು ಹತ್ತು ಮೈಲಿ ದೂರದಿಂದಲೇ ಹೇಳುತ್ತಾನೆ,
ಶಾಲೆಯ ಹುಡುಗ ಹಾಜರಿ ಕೂಗಿದ ಹಾಗೆ.
ಕೊನೆಯಲ್ಲಿ ಊರಿನ ಹೆಸರು ಮುಗಿದ ಮೇಲೂ
ಒಂದು ಗಳಿಗೆ ಗುಂಡಿ ಬಿಡುವುದಿಲ್ಲ.
ಎಂಜಿನ್ನಿನ ಸದ್ದು, ಸೀಟಿನ ಕಿರಗುಟ್ಟು, ಒಂದು ಉಸಿರು.

ಅಷ್ಟನ್ನು ಯಂತ್ರ ಬರೆದುಕೊಂಡಿದೆ.